ನಿನ್ನೆ ಎಂದರೆ ಯಾವ ದಿನ?

ಹತ್ತಿ ಬಿಡಿಸುವ ಕಾಲದಲ್ಲಿ ಸೋಮವಾರ ಬೆಳಗಾಗುವ ಮೊದಲೇ ರಾಯಚೂರಿನ ಮಾರುಕಟ್ಟೆಗೆ ವಾಹನಗಳು ಬರಲು ಸುರುವಾಗುತ್ತವೆ. ದೇವದುರ್ಗದ ಕಡೆಯಿಂದ ಹತ್ತಿ, ಮಾನ್ವಿಯ ಕಡೆಯಿಂದ ಭತ್ತ. ಅಂಡಿಗೆ ಇಳಿಸುವ ಮೊದಲು ರೈತ ಕೇಳುವ ಪ್ರಶ್ನೆ ಒಂದೇ: 'ನಿನ್ನಿ ರೇಟ್ ಎಷ್ಟಿತ್ತು?' ಈ ಪ್ರಶ್ನೆಗೆ ಹಮಾಲರು, ದಲಾಲರು, ಚಹಾದ ಅಂಗಡಿಯವರು ಎಲ್ಲರೂ ಥಟ್ಟನೆ ಉತ್ತರ ಹೇಳುತ್ತಾರೆ. ನಿನ್ನೆ ಭಾನುವಾರ, ವ್ಯಾಪಾರವೇ ಇರಲಿಲ್ಲ ಎಂದು ಯಾರೂ ತಕರಾರು ತೆಗೆಯುವುದಿಲ್ಲ. 'ನಿನ್ನೆ' ಎಂದರೆ ಹಿಂದಿನ ಸಲ ಮಾರುಕಟ್ಟೆ ನಡೆದ ದಿನ ಎಂಬುದು ಎಲ್ಲರಿಗೂ ಗೊತ್ತು.

ಇದೇ ಪ್ರಶ್ನೆಯನ್ನು ಕಂಪ್ಯೂಟರಿಗೆ ಕೇಳಿ ನೋಡಿ. ಇಂದಿನ ದಿನಾಂಕದಿಂದ ಒಂದನ್ನು ಕಳೆದು, ಭಾನುವಾರದ ಸಾಲನ್ನು ಹುಡುಕಿ, ಅಲ್ಲಿ ಏನೂ ಇಲ್ಲವೆಂದು ಖಾಲಿ ಪರದೆ ತೋರಿಸುತ್ತದೆ. ಕಾರ್ಯಕ್ರಮ ಬರೆದವನು ಇನ್ನೂ ಸ್ವಲ್ಪ ಅವಸರದವನಾಗಿದ್ದರೆ ಸೊನ್ನೆ ತೋರಿಸುತ್ತದೆ. ಖಾಲಿಗೂ ಸೊನ್ನೆಗೂ ಏನು ವ್ಯತ್ಯಾಸ ಎನ್ನುವವರಿಗೆ ಒಂದು ಲೆಕ್ಕ. ಆರು ದಿನ ಹತ್ತಿಯ ಧಾರಣೆ ಕ್ವಿಂಟಲಿಗೆ 7,000 ರೂಪಾಯಿಯಂತೆ ಒಂದೇ ಸಮ ಇತ್ತು, ಏಳನೆಯ ದಿನ ಭಾನುವಾರ ಎಂದಿಟ್ಟುಕೊಳ್ಳಿ. ವಾರದ ಸರಾಸರಿ ಎಷ್ಟು? 7,000 ತಾನೇ? ಭಾನುವಾರದ ಸೊನ್ನೆಯನ್ನೂ ಸೇರಿಸಿ ಏಳರಿಂದ ಭಾಗಿಸಿದರೆ 6,000 ಬರುತ್ತದೆ. ಮಾರುಕಟ್ಟೆಯಲ್ಲಿ ಒಂದು ಪೈಸೆಯೂ ಇಳಿಯದೆ ಕಾಗದದ ಮೇಲೆ ಸಾವಿರ ರೂಪಾಯಿ ಇಳಿದುಹೋಯಿತು! 2024-25ನೇ ಸಾಲಿಗೆ ಮಧ್ಯಮ ಎಳೆಯ ಹತ್ತಿಗೆ ಕೇಂದ್ರ ಸರಕಾರ ಗೊತ್ತುಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 7,121 ರೂಪಾಯಿ, ಉದ್ದ ಎಳೆಯದಕ್ಕೆ 7,521. ಪೇಟೆಯ ಸರಾಸರಿಯನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಮಾರಲೋ, ಕಾಯಲೋ ಎಂದು ತೂಗಿ ನೋಡುವ ರೈತನಿಗೆ ಆ ಸೊನ್ನೆ ಸಣ್ಣ ವಿಷಯವಲ್ಲ.

ಕರ್ನಾಟಕದ ಕೃಷಿ ಮಾರುಕಟ್ಟೆಗಳ ಧಾರಣೆ ಈಗ ಪೇಟೆಯ ಕರಿಹಲಗೆಯ ಮೇಲೆ ಮಾತ್ರ ಉಳಿದಿಲ್ಲ. ಕೃಷಿ ಮಾರಾಟ ಇಲಾಖೆಯ 'ಕೃಷಿ ಮಾರಾಟ ವಾಹಿನಿ'ಯಲ್ಲಿ ಯಾವ ಮಾರುಕಟ್ಟೆ, ಯಾವ ಹುಟ್ಟುವಳಿ, ಯಾವ ತಾರೀಖು ಎಂದು ಆರಿಸಿದರೆ ಆವಕ, ಕನಿಷ್ಠ, ಗರಿಷ್ಠ ಮತ್ತು ಮಾದರಿ ಧಾರಣೆಗಳು ಕಾಣುತ್ತವೆ. ಇದೆಲ್ಲ ಕುಳಿತಿರುವುದು ಡೇಟಾಬೇಸ್ ಎಂಬ ಮಾಹಿತಿಯ ಕಣಜದಲ್ಲಿ. ಅದರ ರಚನೆ ಶಾಲೆಯ ಹಾಜರಿ ಪುಸ್ತಕದ ಹಾಗೆ: ಅಡ್ಡಸಾಲು, ಕಂಬಸಾಲು. ಇಂತಹ ಕೋಷ್ಟಕಗಳ ಗಣಿತವನ್ನು 1970ರಲ್ಲಿ ಮಂಡಿಸಿದವರು ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್. ಅದರೊಂದಿಗೆ ಮಾತಾಡಲು ಬೇಕಾದ ಭಾಷೆಯನ್ನು ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಪ್ರಕಟಿಸಿದರು. ಇಂದು ಎಸ್‌ಕ್ಯೂಎಲ್ ಎಂದು ಕರೆಸಿಕೊಳ್ಳುವ ಈ ಭಾಷೆಯಲ್ಲಿ ಕೇಳುವ ಪ್ರಶ್ನೆಗೆ 'ಕ್ವೆರಿ' ಎನ್ನುತ್ತಾರೆ. ಕ್ವೆರಿ ಬಲು ವಿಧೇಯ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ, ಕೇಳಬೇಕೆಂದಿದ್ದುದಕ್ಕೆ ಅಲ್ಲ.

ಮೊದಲು, ಕಂಪ್ಯೂಟರಿಗೆ ವಾರ ಹೇಗೆ ತಿಳಿಯುತ್ತದೆ? ಅದಕ್ಕೆ ತಾರೀಖು ಎಂದರೆ ಒಂದು ಸಂಖ್ಯೆ, ಅಷ್ಟೆ. ಅನೇಕ ಯಂತ್ರಗಳು 1970ರ ಜನವರಿ 1ನ್ನು ಸೊನ್ನೆಯ ದಿನವೆಂದು ಹಿಡಿದು ಅಲ್ಲಿಂದ ದಿನಗಳನ್ನು ಎಣಿಸುತ್ತವೆ. ಅದು ಗುರುವಾರ. 2024ರ ನವೆಂಬರ್ 4 ಆ ಲೆಕ್ಕದಲ್ಲಿ 20,031ನೆಯ ದಿನ. ಏಳರಿಂದ ಭಾಗಿಸಿದರೆ ಶೇಷ 4. ಗುರುವಾರದಿಂದ ನಾಲ್ಕು ಹೆಜ್ಜೆ ಮುಂದೆ ಹೋಗಿ: ಶುಕ್ರ, ಶನಿ, ಭಾನು, ಸೋಮ. ನವೆಂಬರ್ 4 ಸೋಮವಾರ. ಏಳನೆಯ ಇಯತ್ತೆಯ ಹುಡುಗರಿಗೂ ಬರುವ ಭಾಗಾಕಾರ ಇದು.

ಹಾಗಾದರೆ ಸೋಮವಾರವಾದರೆ ಮೂರು ಕಳೆ, ಇಲ್ಲದಿದ್ದರೆ ಒಂದು ಕಳೆ ಎಂದು ಬರೆದುಬಿಟ್ಟರೆ ಆಯಿತಲ್ಲ? ಬಹಳ ಜನ ಬರೆಯುವುದು ಹೀಗೆಯೇ. ಶನಿವಾರ, ಭಾನುವಾರ ಎರಡೂ ರಜೆಯಿರುವ ಊರುಗಳ ಲೆಕ್ಕವನ್ನು ಪಠ್ಯಪುಸ್ತಕದಿಂದ ಇಳಿಸಿಕೊಳ್ಳುವುದರಿಂದ ಬರುವ ಪೇಚು ಇದು. ನಮ್ಮಲ್ಲಿ ಬ್ಯಾಂಕುಗಳಿಗೆ 2015ರ ಸೆಪ್ಟೆಂಬರ್ 1ರಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ, ಉಳಿದ ಶನಿವಾರ ಪೂರ್ತಿ ಕೆಲಸ. ಕರ್ನಾಟಕದ ಸರಕಾರಿ ಕಚೇರಿಗಳಿಗೆ ಎರಡನೆಯ ಶನಿವಾರದ ಜೊತೆಗೆ ನಾಲ್ಕನೆಯದೂ ರಜೆಯಾದದ್ದು 2019ರಲ್ಲಿ. ಅಂದರೆ ಒಂದು ಸೋಮವಾರ ಎರಡು ದಿನ ಹಿಂದೆ ಹೋಗಬೇಕು, ಮುಂದಿನ ಸೋಮವಾರ ಮೂರು ದಿನ. ಹಬ್ಬ ಬಂದರೆ ಆ ಲೆಕ್ಕವೂ ಇಲ್ಲ.

ಮೇಲಿನ ನವೆಂಬರ್ 4ನ್ನೇ ನೋಡಿ. 2024ರ ದೀಪಾವಳಿ ಆಗಷ್ಟೇ ಮುಗಿದಿತ್ತು. ಅಕ್ಟೋಬರ್ 31, ಗುರುವಾರ ನರಕ ಚತುರ್ದಶಿ. ನವೆಂಬರ್ 1, ಶುಕ್ರವಾರ ಕನ್ನಡ ರಾಜ್ಯೋತ್ಸವ. 2, ಶನಿವಾರ ಬಲಿಪಾಡ್ಯಮಿ. 3 ಭಾನುವಾರ. ನಾಲ್ಕು ದಿನವೂ ರಾಜ್ಯ ಸರಕಾರದ ರಜೆಗಳು. ಸೋಮವಾರ ಬಾಗಿಲು ತೆರೆದ ಕಚೇರಿಗೆ 'ಹಿಂದಿನ ಕೆಲಸದ ದಿನ' ಅಕ್ಟೋಬರ್ 30, ಬುಧವಾರ. ಐದು ದಿನದ ಜಿಗಿತ. ಮೂರು ಕಳೆಯುವ ಸೂತ್ರ ರಾಜ್ಯೋತ್ಸವದ ಧ್ವಜಾರೋಹಣದ ಮುಂದೆ ಬಂದು ನಿಲ್ಲುತ್ತಿತ್ತು!

ಆದ್ದರಿಂದ ರಜಾದಿನಗಳ ಒಂದು ಪ್ರತ್ಯೇಕ ಕೋಷ್ಟಕ ಬೇಕು. ರಾಜ್ಯ ಸರಕಾರ ಮುಂದಿನ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿಯನ್ನು ಮೊದಲೇ ಹೊರಡಿಸುತ್ತದೆ. ಅದನ್ನು ತುಂಬಿಬಿಟ್ಟರೆ ಮುಗಿಯಿತು ಎಂದುಕೊಳ್ಳುವಂತಿಲ್ಲ. ಚಂದ್ರದರ್ಶನದ ಮೇಲೆ ನಿಂತ ಹಬ್ಬಗಳು ಒಂದು ದಿನ ಹಿಂದೆಮುಂದೆ ಆಗುತ್ತವೆ. ಯಾವ ಪಟ್ಟಿಯಲ್ಲೂ ಇಲ್ಲದ ರಜೆಗಳೂ ಬರುತ್ತವೆ. 2024ರ ಡಿಸೆಂಬರ್ 10ರಂದು ಎಸ್.ಎಂ. ಕೃಷ್ಣ ಅವರು ತೀರಿಕೊಂಡಾಗ ಮರುದಿನ ರಾಜ್ಯದಲ್ಲಿ ರಜೆ ಸಾರಲಾಯಿತು. ಅದೇ ತಿಂಗಳ 26ರ ರಾತ್ರಿ ಡಾ. ಮನಮೋಹನ್ ಸಿಂಗ್ ಅವರು ನಿಧನರಾದರು, 27ರ ಶುಕ್ರವಾರ ಮತ್ತೆ ರಜೆ. 28 ನಾಲ್ಕನೆಯ ಶನಿವಾರ, 29 ಭಾನುವಾರ. 30ರ ಸೋಮವಾರಕ್ಕೆ ಹಿಂದಿನ ಕೆಲಸದ ದಿನ 26ರ ಗುರುವಾರವಾಯಿತು. ರಾತ್ರಿ ಹತ್ತು ಗಂಟೆಗೆ ಬಂದ ಸುದ್ದಿಯನ್ನು ಬೆಳಗಿನ ಒಳಗೆ ಕೋಷ್ಟಕಕ್ಕೆ ಸೇರಿಸುವವರು ಯಾರು? ಕಾರ್ಯಕ್ರಮ ಬರೆಯುವವರು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಅದು ಗುಮಾಸ್ತರ ಕೆಲಸ ಎಂದು ಬಿಟ್ಟುಬಿಡುತ್ತಾರೆ.

ಇನ್ನು ಮಾರುಕಟ್ಟೆಯ ಕ್ಯಾಲೆಂಡರು ಕಚೇರಿಯ ಕ್ಯಾಲೆಂಡರಲ್ಲ. ಅಮಾವಾಸ್ಯೆಯ ದಿನ ಗಾಡಿ ಹೊರಡಿಸದ ಮನೆಗಳಿವೆ. ಸೋಮವಾರ ಬಸವಣ್ಣನ ವಾರವೆಂದು ಎತ್ತಿಗೆ ನೊಗ ಹೊರಿಸದ ಪದ್ಧತಿ ಉತ್ತರ ಕರ್ನಾಟಕದಲ್ಲಿ ಇಂದಿಗೂ ಇದೆ, ಟ್ರ್ಯಾಕ್ಟರಿಗೆ ಮಾತ್ರ ಆ ರಿಯಾಯಿತಿ ಸಿಕ್ಕಿಲ್ಲ. ಮಳೆ ಬಂದರೆ ಆವಕವಿಲ್ಲ. ಇವನ್ನೆಲ್ಲ ಯಾವ ರಜಾಪಟ್ಟಿಯೂ ಹೇಳುವುದಿಲ್ಲ.

ಇಲ್ಲಿಗೆ ಬಂದಾಗ ಹಳ್ಳಿಯ ಮಾತೊಂದು ಕೈಹಿಡಿಯುತ್ತದೆ. ಸಂತೆಯ ಲೆಕ್ಕ ಇಡುವವರು ದಿನ ಕಳೆಯುವುದಿಲ್ಲ. 'ಹೋದ ಸಂತ್ಯಾಗ ಮೆಣಸಿನಕಾಯಿ ಸೋವಿ ಇತ್ತು' ಎನ್ನುತ್ತಾರೆ. ಹೋದ ಸಂತೆ ಎಂದರೆ ನಡೆದ ಸಂತೆ. ಯಾವ ವಾರ ಸಂತೆ ಕೂಡಲಿಲ್ಲವೋ ಅದು ಲೆಕ್ಕದಲ್ಲೇ ಇಲ್ಲ. ಡೇಟಾಬೇಸಿಗೂ ಪ್ರಶ್ನೆಯನ್ನು ಹೀಗೆಯೇ ಹಾಕಬಹುದು. ಇವತ್ತಿನಿಂದ ಎಷ್ಟು ದಿನ ಕಳೆಯಬೇಕು ಎಂದು ತಲೆ ಕೆಡಿಸಿಕೊಳ್ಳುವ ಬದಲು, 'ಧಾರಣೆಯ ಕೋಷ್ಟಕದಲ್ಲಿ ನವೆಂಬರ್ 4ಕ್ಕಿಂತ ಚಿಕ್ಕದಾದ ತಾರೀಖುಗಳಲ್ಲಿ ಅತಿ ದೊಡ್ಡದು ಯಾವುದು, ಆ ದಿನದ ಸಾಲನ್ನು ಕೊಡು' ಎನ್ನುವುದು. ಎಸ್‌ಕ್ಯೂಎಲ್‌ನಲ್ಲಿ ಇದಕ್ಕೆ 'ಮ್ಯಾಕ್ಸ್' ಎಂಬ ಒಂದು ಪದ ಸಾಕು. ಭಾನುವಾರ, ಹಬ್ಬ, ಬಂದ್, ಮಳೆ ಯಾವುದನ್ನೂ ಬರೆಯಬೇಕಾಗಿಲ್ಲ. ವ್ಯಾಪಾರ ನಡೆಯದ ದಿನಕ್ಕೆ ಸಾಲೇ ಇರುವುದಿಲ್ಲ, ಹಾಗಾಗಿ ಅದು ತಾನಾಗಿ ಬಿಟ್ಟುಹೋಗುತ್ತದೆ.

ಇದರಲ್ಲೂ ಕಾಲು ಜಾರುವ ಜಾಗಗಳಿವೆ. ಅತಿ ದೊಡ್ಡ ತಾರೀಖು ಯಾವುದು ಎಂದು ಕೇಳುವಾಗ ಯಾವ ಮಾರುಕಟ್ಟೆ, ಯಾವ ಹುಟ್ಟುವಳಿ ಎಂದು ಹೇಳುವುದನ್ನು ಮರೆತರೆ? ಕಣಜದಲ್ಲಿ ರಾಯಚೂರಿನ ಭತ್ತ ಶನಿವಾರ ಮಾರಾಟವಾಗಿರುತ್ತದೆ. ಮಾನ್ವಿಯಲ್ಲಿ ಕೊನೆಯ ವಹಿವಾಟು ಗುರುವಾರ ಆಗಿರುತ್ತದೆ. ಒಟ್ಟಿಗೆ ಕೇಳಿದರೆ ಶನಿವಾರ ಎಂಬ ಉತ್ತರ ಬರುತ್ತದೆ, ಆ ಶನಿವಾರದಲ್ಲಿ ಮಾನ್ವಿಯ ಭತ್ತ ಹುಡುಕಿದರೆ ಮತ್ತೆ ಖಾಲಿ. ಪ್ರತಿ ಊರಿಗೂ ಪ್ರತಿ ಬೆಳೆಗೂ ಅದರದೇ ಆದ 'ನಿನ್ನೆ' ಇದೆ. ತೊಗರಿಯ ವಿಷಯ ಇನ್ನೂ ವಿಚಿತ್ರ. ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ಆವಕವಿಲ್ಲದ ಸಣ್ಣ ಮಾರುಕಟ್ಟೆಯಲ್ಲಿ 'ಹಿಂದಿನ ದಿನ' ಎಂದು ಕೇಳಿದರೆ ವಿಧೇಯ ಕ್ವೆರಿ ನಾಲ್ಕು ತಿಂಗಳ ಹಿಂದಿನ ಧಾರಣೆಯನ್ನು ತಾಜಾ ಎಂಬಂತೆ ತಂದು ಮುಂದಿಡುತ್ತದೆ. ಬೆಲೆಯ ಪಕ್ಕದಲ್ಲಿ ತಾರೀಖನ್ನೂ ಕಾಣಿಸದ ಧಾರಣೆ ಪಟ್ಟಿಯನ್ನು ನಂಬಬಾರದು.

ಇನ್ನೊಂದು ತೊಂದರೆ: ಮಾರುಕಟ್ಟೆ ನಡೆದಿದೆ, ಆದರೆ ಕರೆಂಟು ಹೋಗಿಯೋ, ಲೈನು ಕೈಕೊಟ್ಟೋ ದಾಖಲಾಗಿಲ್ಲ. ಕಣಜದ ಕಣ್ಣಿಗೆ ಇದೂ ರಜೆಯೇ. ರಜೆ, ಆವಕವಿಲ್ಲ, ದಾಖಲಾಗಿಲ್ಲ - ಈ ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಬೇರ್ಪಡಿಸಬೇಕಾದರೆ ರಜೆಯ ಕೋಷ್ಟಕ ಮತ್ತೆ ಬೇಕಾಗುತ್ತದೆ. ಕೆಲಸದ ದಿನವಾಗಿಯೂ ಸಾಲಿಲ್ಲದಿದ್ದರೆ ಯಾರಾದರೂ ಫೋನು ಮಾಡಿ ವಿಚಾರಿಸಬೇಕು, ಕಂಪ್ಯೂಟರು ಅದನ್ನು ಮಾಡುವುದಿಲ್ಲ.

ನಿರ್ದಿಷ್ಟ ತಾರೀಖು ಕೊಟ್ಟು ಕೇಳುವುದಾದರೂ ಸುಲಭವೇ? '04-11-2024' ಎಂದು ಬರೆದರೆ ನಮಗೆ ನವೆಂಬರ್ 4. ಅಮೆರಿಕದ ರೂಢಿಯಲ್ಲಿ ಹೊಂದಿಸಿದ ಯಂತ್ರಕ್ಕೆ ಅದು ಏಪ್ರಿಲ್ 11. ಹದಿಮೂರರಿಂದ ಮುಂದಿನ ತಾರೀಖುಗಳಲ್ಲಿ ತಪ್ಪು ಕೂಡಲೇ ಬಯಲಾಗುತ್ತದೆ, ಹದಿಮೂರನೆಯ ತಿಂಗಳಿಲ್ಲವಲ್ಲ! ಒಂದರಿಂದ ಹನ್ನೆರಡರವರೆಗಿನ ತಾರೀಖುಗಳು ಮಾತ್ರ ಸದ್ದಿಲ್ಲದೆ ಬೇರೆ ತಿಂಗಳಿಗೆ ಹೋಗಿ ಕೂರುತ್ತವೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ '2024-11-04' ಎಂದು ಬರೆಯಬೇಕೆಂದು 1988ರ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ ಹೇಳುವುದು ಇದಕ್ಕಾಗಿಯೇ.

ತಾರೀಖಿನೊಳಗೆ ಗಂಟೆಯೂ ಅಡಗಿರುತ್ತದೆ. ಅಕ್ಟೋಬರ್ 30ರ ಬೆಳಿಗ್ಗೆ 11 ಗಂಟೆ 40 ನಿಮಿಷಕ್ಕೆ ಹರಾಜಾದ ಹತ್ತಿಯ ಸಾಲನ್ನು 'ತಾರೀಖು ಅಕ್ಟೋಬರ್ 30ಕ್ಕೆ ಸಮ' ಎಂದು ಕೇಳಿದರೆ ಅನೇಕ ಸಲ ಸಿಗುವುದೇ ಇಲ್ಲ. ಬರಿಯ '30' ಎಂದರೆ ಯಂತ್ರಕ್ಕೆ 30ರ ಮಧ್ಯರಾತ್ರಿ ಸೊನ್ನೆ ಗಂಟೆ, ಆ ಕ್ಷಣದಲ್ಲಿ ಯಾವ ಹರಾಜೂ ನಡೆದಿರುವುದಿಲ್ಲ. '30 ಮತ್ತು ಅದರ ನಂತರ, ಆದರೆ 31ಕ್ಕಿಂತ ಮೊದಲು' ಎಂದು ಕೇಳಬೇಕು. ಗಂಟೆಯ ಇನ್ನೊಂದು ಕಿತಾಪತಿ ನಮ್ಮ ದೇಶಕ್ಕೆ ವಿಶೇಷ. ಬಹಳಷ್ಟು ಕಂಪ್ಯೂಟರುಗಳು ಒಳಗೆ ಇಡುವುದು ಜಾಗತಿಕ ಸಮಯ, ಭಾರತೀಯ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಸೋಮವಾರ ನಸುಕಿನ ನಾಲ್ಕು ಗಂಟೆಗೆ ಗೇಟು ದಾಟಿದ ದೇವದುರ್ಗದ ಹತ್ತಿಯ ಲೋಡು ಅಲ್ಲಿ ಭಾನುವಾರ ರಾತ್ರಿ ಹತ್ತೂವರೆಗೆ ದಾಖಲಾಗುತ್ತದೆ. ಭಾನುವಾರದ ಸಾಲುಗಳನ್ನೆಲ್ಲ ತೆಗೆದುಹಾಕು ಎಂಬ ಅತಿಜಾಣ ಕ್ವೆರಿ ಇದ್ದರೆ, ಎಲ್ಲರಿಗಿಂತ ಮೊದಲು ಬಂದವನ ಹತ್ತಿಯೇ ಲೆಕ್ಕದಿಂದ ಹಾರಿಹೋಗುತ್ತದೆ.

ಭಾನುವಾರ ರಜೆ ಎಂಬುದು ಸೃಷ್ಟಿಯ ನಿಯಮವೇನೂ ಅಲ್ಲ ಎಂಬುದನ್ನು ರಾಯಚೂರಿನವರಿಗೆ ಬೇರೆಯವರು ಹೇಳಬೇಕಾಗಿಲ್ಲ. ನಿಜಾಮರ ಆಡಳಿತದಲ್ಲಿ ಇಲ್ಲಿನ ಕಚೇರಿಗಳಿಗೆ ವಾರದ ರಜೆ ಶುಕ್ರವಾರ. ಕಾಗದಪತ್ರಗಳಲ್ಲಿ ವರ್ಷ ಎಣಿಸುತ್ತಿದ್ದುದು ಫಸಲಿಯಲ್ಲಿ. ಫಸಲಿಗೆ 590 ಕೂಡಿಸಿದರೆ ಆ ವರ್ಷ ಸುರುವಾದ ಇಸವಿ ಸಿಗುತ್ತದೆ. ಫಸಲಿ 1357 ಎಂದರೆ 1947ರಲ್ಲಿ ಆರಂಭವಾದ ವರ್ಷ. ಅದು ಜನವರಿಯಲ್ಲಿ ಆರಂಭವಾಗುವುದಿಲ್ಲ, ಅಕ್ಟೋಬರಿನಲ್ಲಿ, 'ಆಜೂರ್' ಎಂಬ ತಿಂಗಳಿನಿಂದ. ಹಳೆಯ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವಾಗ 590 ಕೂಡಿಸಿ ಕೈತೊಳೆದುಕೊಂಡರೆ, ಜನವರಿಯಿಂದ ಸೆಪ್ಟೆಂಬರ್‌ವರೆಗಿನ ವ್ಯವಹಾರಗಳೆಲ್ಲ ಒಂದು ವರ್ಷ ಹಿಂದಕ್ಕೆ ಬೀಳುತ್ತವೆ. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯದಲ್ಲಿ ಒಂದು ವರ್ಷದ ವ್ಯತ್ಯಾಸ ಸಾಕಲ್ಲ?

ಹಿಂದಿನ ದಿನವೋ ಮುಂದಿನ ದಿನವೋ ಎಂಬುದರಲ್ಲಿ ಕಾನೂನೂ ಎರಡು ಮಾತಾಡುತ್ತದೆ. 1881ರ ವರ್ಗಾವಣೀಯ ಲಿಖಿತಗಳ ಕಾಯಿದೆ, ಅಂದರೆ ಚೆಕ್ಕು, ಹುಂಡಿ, ಪ್ರಾಮಿಸರಿ ನೋಟುಗಳ ಕಾಯಿದೆಯ 25ನೆಯ ಕಲಮಿನ ಪ್ರಕಾರ, ನೋಟಿನ ವಾಯಿದೆ ಸಾರ್ವಜನಿಕ ರಜೆಯ ದಿನ ಮುಗಿಯುವುದಾದರೆ ಅದು ಹಿಂದಿನ ಕೆಲಸದ ದಿನವೇ ಮುಗಿದಂತೆ. ಸಾಲಗಾರ ಮೊದಲೇ ಹಣ ಹೊಂದಿಸಬೇಕು. 1897ರ ಸಾಮಾನ್ಯ ಖಂಡಗಳ ಕಾಯಿದೆಯ 10ನೆಯ ಕಲಮು ಬೇರೆ ದಿಕ್ಕಿನದು: ಕೋರ್ಟಿನಲ್ಲೋ ಕಚೇರಿಯಲ್ಲೋ ಮಾಡಬೇಕಾದ ಕೆಲಸಕ್ಕೆ ಕೊನೆಯ ದಿನ ರಜೆಯಾದರೆ, ಬಾಗಿಲು ತೆರೆದ ಮುಂದಿನ ದಿನ ಮಾಡಿದರೂ ನಡೆಯುತ್ತದೆ. ಸಾಹುಕಾರನ ರಜೆ ಹಿಂದಕ್ಕೆ ಸರಿಸುತ್ತದೆ, ಸರಕಾರದ ರಜೆ ಮುಂದಕ್ಕೆ. ಕ್ವೆರಿ ಬರೆಯುವವನಿಗೆ ಇದು ಗೊತ್ತಿಲ್ಲದಿದ್ದರೆ ಒಬ್ಬರಿಗೆ ಸುಮ್ಮನೆ ದಂಡ ಬೀಳುತ್ತದೆ.

ರಜೆಯೇ ಇಲ್ಲದ ಅಂಕಿಗಳೂ ಇವೆ. ಮಾನ್ವಿಯ ಭತ್ತ ನಿಂತಿರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ, ಅದೂ ಕಾಲುವೆಯ ಕೊನೆಯ ಭಾಗದಲ್ಲಿ. ಅಲ್ಲಿನವರು ಬೆಳಿಗ್ಗೆ ಎದ್ದು ಮೊದಲು ನೋಡುವುದು ಜಲಾಶಯದ ಮಟ್ಟ. ನದಿಗೆ ಎರಡನೆಯ ಶನಿವಾರವಿಲ್ಲ, ಮಟ್ಟವನ್ನು ವರ್ಷದ ಎಲ್ಲ ದಿನ ಬರೆದಿಡುತ್ತಾರೆ. 2024ರ ಆಗಸ್ಟ್ 10ರ ತಡರಾತ್ರಿ ಹೊಸಪೇಟೆ ಬಳಿಯ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ಆಗ ಬಹುತೇಕ ತುಂಬಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರನ್ನು ನದಿಗೆ ಬಿಡಬೇಕಾಯಿತು. ಅದು ಶನಿವಾರ, ಅದರಲ್ಲೂ ಎರಡನೆಯ ಶನಿವಾರ. ಆಗಸ್ಟ್ 12ರ ಸೋಮವಾರ ಬೆಳಿಗ್ಗೆ 'ಹಿಂದಿನ ದಿನದ ಮಟ್ಟ' ಎಂದು ಕೇಳಿದವನಿಗೆ ಬೇಕಾಗಿದ್ದುದು 11ರ ಭಾನುವಾರದ ಅಂಕಿ. ಬ್ಯಾಂಕಿನ ಕ್ಯಾಲೆಂಡರು ಹಾಕಿಕೊಂಡ ಕಾರ್ಯಕ್ರಮವೊಂದಕ್ಕೆ ಇದೇ ಪ್ರಶ್ನೆ ಕೊಟ್ಟಿದ್ದರೆ ಅದು ಶನಿವಾರ, ಭಾನುವಾರ ಎರಡನ್ನೂ ದಾಟಿ 9ರ ಶುಕ್ರವಾರಕ್ಕೆ ಹೋಗಿ, ತುಂಬಿದ ಜಲಾಶಯವನ್ನು ತೋರಿಸುತ್ತಿತ್ತು. ಲೆಕ್ಕದಲ್ಲಿ ಒಂದಂಶವೂ ತಪ್ಪಿಲ್ಲ, ಕ್ವೆರಿಯಲ್ಲಿ ದೋಷವಿಲ್ಲ. ಕ್ಯಾಲೆಂಡರು ಮಾತ್ರ ಬೇರೆಯವರದು. ಗೇಟಿನ ಜಾಗದಲ್ಲಿ ತಾತ್ಕಾಲಿಕ ತಡೆಗಳನ್ನು ಇಳಿಸಿ ನೀರು ನಿಲ್ಲಿಸುವ ಹೊತ್ತಿಗೆ ಮತ್ತೊಂದು ಶನಿವಾರ ಬಂದಿತ್ತು. ಅಷ್ಟು ದಿನವೂ ಎರಡನೆಯ ಬೆಳೆಗೆ ನೀರು ಉಳಿದೀತೇ ಎಂದು ಜನ ದಿನದ ಮಟ್ಟವನ್ನು ಅಂಗುಲ ಅಂಗುಲವಾಗಿ ಲೆಕ್ಕ ಹಾಕುತ್ತಿದ್ದರು.

ಪ್ರತಿ ಅಂಕಿಗೂ ಅದರ ಕ್ಯಾಲೆಂಡರಿನ ಹೆಸರನ್ನು ಕಟ್ಟಿಡುವುದು ಈಗ ಒಳ್ಳೆಯ ಡೇಟಾಬೇಸುಗಳಲ್ಲಿ ರೂಢಿ. ಜಲಾಶಯಕ್ಕೆ ಒಂದು, ಬ್ಯಾಂಕಿಗೆ ಒಂದು, ಕಚೇರಿಗೆ ಒಂದು, ಒಂದೊಂದು ಮಾರುಕಟ್ಟೆಗೂ ಒಂದೊಂದು. ವರ್ಷದ ಎಲ್ಲ ದಿನಗಳನ್ನೂ ಒಂದೊಂದು ಸಾಲಾಗಿ ಬರೆದು, ಎದುರಿಗೆ ಕೆಲಸ, ರಜೆ ಎಂದು ಗುರುತು ಹಾಕಿ, ಅದರ ಪಕ್ಕದಲ್ಲೇ 'ಹಿಂದಿನ ಕೆಲಸದ ದಿನ' ಯಾವುದೆಂದು ಒಮ್ಮೆ ತುಂಬಿಟ್ಟರೆ ಮತ್ತೆ ಕಳೆಯುವ ಕೂಡುವ ಗೋಜಿಲ್ಲ. 365 ಸಾಲು, ಗೋಡೆಯ ಕ್ಯಾಲೆಂಡರಿನಷ್ಟೇ. ಗೋಡೆಯ ಕ್ಯಾಲೆಂಡರನ್ನು ಡಿಸೆಂಬರಿನಲ್ಲಿ ಅಂಗಡಿಯವರು ತಾವಾಗಿ ತಂದುಕೊಡುತ್ತಾರೆ. ಇದನ್ನು ತುಂಬಲು ಯಾರೂ ನೆನಪಿಸುವುದಿಲ್ಲ. ಹೊಸ ವರ್ಷದ ಸಾಲುಗಳಿಲ್ಲದಿದ್ದರೂ ಕಾರ್ಯಕ್ರಮ ಜನವರಿಯ ಮೊದಲ ದಿನಗಳಲ್ಲಿ ಹೇಗೋ ನಡೆಯುತ್ತದೆ, ಭಾನುವಾರಗಳನ್ನು ಏಳರಿಂದ ಭಾಗಿಸಿಯೇ ಕಂಡುಕೊಳ್ಳುತ್ತದೆ. ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಮೊದಲ ಲೋಡಿನವನು ಬಂದು 'ನಿನ್ನಿ ರೇಟ್ ಎಷ್ಟಿತ್ತು' ಎಂದು ಕೇಳಿದಾಗ ಪರದೆ ಖಾಲಿ ಬರುತ್ತದೆ.